ಶಂಕ್ರವ್ವನ ಠೇವಣಿ

ನನ್ನ ಚಿಕ್ಕಮ್ಮ ಶಂಕ್ರವ್ವ ಬ್ಯಾಂಕಿನ ಪಾಸ್‌ಬುಕ್ಕನ್ನು ಎಲೆಅಡಿಕೆಯ ಚಂಚಿಯಲ್ಲೇ ಇಡುತ್ತಾಳೆ. ಹಾಗಾಗಿ ಅದರ ಪುಟಪುಟಕ್ಕೂ ಸುಣ್ಣದ ಬೆರಳಿನ ಗುರುತು. ಸಂತೆಕಲ್ಲೂರಿನ ಗುಡ್ಡಗಳಲ್ಲಿ ನಲವತ್ತು ವರ್ಷ ಕುರಿ ಕಾಯ್ದವಳು, ಮೊಣಕಾಲು ಮುಷ್ಕರ ಹೂಡಿದ ವರ್ಷ ಹಿಂಡನ್ನೇ ಮಾರಿ, ಬಂದ ಹಣವನ್ನು ಮಸ್ಕಿಯ ಬ್ಯಾಂಕೊಂದರ ಉಳಿತಾಯ ಖಾತೆಯಲ್ಲಿಟ್ಟಳು. ಉಳಿತಾಯವೆಂಬ ಹೆಸರೇನೋ ಚೆಂದ, ಗೆಳೆಯರೇ. ಆದರೆ ಜೋಳದ ಬೆಲೆ ವರ್ಷವರ್ಷವೂ ಏರುತ್ತಿರುವಾಗ ಆ ಬಡಕಲು ಬಡ್ಡಿಯಲ್ಲಿ ಉಳಿತವೂ ಇಲ್ಲ, ಆಯವೂ ಇಲ್ಲ.

ಗಂಡ ತೀರಿದಂದಿನಿಂದ ಅಣ್ಣನ ಹಿತ್ತಲಿನ ತಗಡಿನ ಖೋಲಿಯಲ್ಲಿರುವ ಅವಳಿಗೆ ಇರುವುದೊಂದೇ ಆಸೆ: ನಾಲ್ಕೈದು ವರ್ಷದಲ್ಲಿ ತನ್ನದೇ ಹೆಸರಿನ ಎರಡು ಖೋಲಿಯ ಮನೆ. ಸಿಂಧನೂರಿನ ಶಾಲೆಯಲ್ಲಿ ಗಣಿತ ಕಲಿಸುವ ನಾನು, ಅವಸರಕ್ಕೆ ಒಂದಿಷ್ಟನ್ನು ಕೈಗೆಟಕುವಂತಿಟ್ಟು ಉಳಿದದ್ದನ್ನು ಎರಡು ವರ್ಷದ್ದು, ನಾಲ್ಕು ವರ್ಷದ್ದು ಎಂದು ಠೇವಣಿಗಳಿಗೆ ಹಂಚು, ದುಪ್ಪಟ್ಟಿನ ಆಸೆ ಬೇಡ, ಎಂದು ಉಪದೇಶಿಸಿದೆ.

"ಎಲ್ಲಾ ಕುರಿ ಒಂದ ಗುಡ್ಡಕ್ಕ ಹೊಡಿಬಾರ್ದು ಅಂತೀ, ಹೌದಿಲ್ಲೋ?" ಎಂದಳು. "ಅದು ನನಗ ಗೊತ್ತೈತಿ ಬಿಡವ್ವ."

ಬ್ಯಾಂಕಿಗೆ ಜೊತೆಯಾಗಿ ಹೋಗುವುದೆಂದು ಮಾತಾಗಿತ್ತು. ಆದರೆ ಭತ್ತ ಕೊಯ್ಯುವ ಯಂತ್ರವೊಂದರ ಹಿಂದೆ ನನ್ನ ಬಸ್ಸು ತೆವಳಿ ತೆವಳಿ ಮಸ್ಕಿ ಸೇರುವಷ್ಟರಲ್ಲಿ ಅವಳು ಕೆಲಸ ಮುಗಿಸಿ ಮೆಟ್ಟಿಲ ಮೇಲೆ ಕೂತಿದ್ದಳು.

"ಸಾಹೇಬ್ರು ಭಾಳ ಚಲೋ ಅದಾರ. ಕುರ್ಚಿ ಹಾಕಿದ್ರು, ಚಾ ಕುಡಿಸಿದ್ರು, ಐದಾರು ಕಡೆ ದಸ್ಕತ್ತು ಮಾಡಿಸ್ಕೊಂಡ್ರು. ಠೇವಣಿ ಆತು."

ಚಹಾ ಎಂದಾಗಲೇ ನಾನು ಎಚ್ಚರಗೊಳ್ಳಬೇಕಿತ್ತು.

ಎರಡು ವಾರದ ಮೇಲೆ ಬಂದ ದಪ್ಪ ಲಕೋಟೆಯಲ್ಲಿದ್ದುದು ಠೇವಣಿಯ ರಸೀದಿಯಲ್ಲ, ಜೀವವಿಮೆಯ ಪಾಲಿಸಿ. ಹತ್ತು ವರ್ಷ, ವರ್ಷಕ್ಕೊಂದು ಕಂತು. ನಡುವೆ ತಪ್ಪಿದರೆ ಕಟ್ಟಿದ್ದರಲ್ಲಿ ಬಹುಪಾಲು ಕೈತಪ್ಪುತ್ತದೆ. ಅರವತ್ತು ದಾಟಿದ, ಸಂಪಾದನೆಯೇ ಇಲ್ಲದ ವಿಧವೆಗೆ! ಅವಳಿಗೆ ಒಂದಕ್ಷರವೂ ಬಾರದ ಇಂಗ್ಲಿಷಿನಲ್ಲಿ, ಸಾಸಿವೆಗಿಂತ ಸಣ್ಣ ಅಕ್ಷರದಲ್ಲಿ, ಎಲ್ಲವನ್ನೂ ಓದಿ ತಿಳಿದಿದ್ದೇನೆ ಎಂದು ಬರೆದು, ಅದರ ಕೆಳಗೆ ಅವಳಿಂದ ಕನ್ನಡದಲ್ಲಿ ಸಹಿ ಹಾಕಿಸಿದವರಿಗೆ ನಾಚಿಕೆಯೆಂಬುದು ಬರಲಿಲ್ಲವೇ? ರಾತ್ರಿ ದೊಡ್ಡಿಗೆ ನುಗ್ಗುವ ತೋಳವಾದರೂ ಕುರಿಗೆ ಕುರ್ಚಿ ಹಾಕಿ ಉಪಚರಿಸುವುದಿಲ್ಲ. ಮೋಸಹೋದವರನ್ನು ಕುರಿ ಎಂದು ಕರೆದು ನಗುವ ನಾವು, ಮೋಸಮಾಡಿದವರನ್ನು ಮಾತ್ರ ಇಂದಿಗೂ ಸಾಹೇಬರೆಂದೇ ಕರೆಯುತ್ತೇವೆ.

ಪಾಲಿಸಿಯನ್ನು ಸಾಲುಸಾಲಾಗಿ ಓದಿದೆ. ಕೈಸೇರಿದ ಇಂತಿಷ್ಟು ದಿನಗಳಲ್ಲಿ ಬೇಡವೆಂದು ಹಿಂತಿರುಗಿಸಬಹುದು ಎಂಬ ಸಾಲೊಂದು ಸಿಕ್ಕಿತು. ಮಸ್ಕಿಯ ಬ್ಯಾಂಕಿನವರು ನಮ್ಮನ್ನು ಲಿಂಗಸುಗೂರಿನ ವಿಮಾ ಕಚೇರಿಗೆ ಸಾಗಹಾಕಿದರು. ಅಲ್ಲಿನ ಮೇಲಧಿಕಾರಿ ಕಾಗದದಿಂದ ತಲೆಯೆತ್ತದೆಯೇ, "ಅವರೇ ದಸ್ಕತ್ತು ಮಾಡ್ಯಾರಲ್ರೀ ಮೇಡಂ, ನಾವೇನು ಕೈ ಹಿಡದು ಮಾಡಿಸೀವೇನು?" ಎಂದರು.

ನಾನು ಸಿಟ್ಟಿನಿಂದ ಪಾಲಿಸಿಯ ಆ ಸಾಲಿನ ಮೇಲೆ ಬೆರಳು ಕುಕ್ಕಿದೆ. ಶಂಕ್ರವ್ವ ಮೇಜಿನ ಅಂಚು ಹಿಡಿದು ಎದ್ದು ನಿಂತಳು.

"ಸಾಹೇಬ್ರ, ಹತ್ತು ವರ್ಷ ಆದಮ್ಯಾಲ ನನಗ ಮನಿ ಬೇಕಾಗಂಗಿಲ್ಲ, ಆರು ಮೊಳ ಕುಣಿ ಸಾಕು. ನಿಮ್ಮವ್ವನ ರೊಕ್ಕ ಇದರಾಗ ಹಾಕೀರೇನು? ಹಾಕಿದ್ರ ಹೇಳ್ರಿ, ನಾ ಈಗ ಹೊಂಟು ಹೋಗ್ತೀನಿ."

ಮೇಲಧಿಕಾರಿ ಈಗ ತಲೆಯೆತ್ತಿದರು. ಅವರು ಡ್ರಾಯರು ಎಳೆದು ರದ್ದತಿಯ ಅರ್ಜಿಯನ್ನು ಮೇಜಿನ ಮೇಲಿಟ್ಟರು.

ಏನೇನೋ ಖರ್ಚೆಂದು ಒಂದಿಷ್ಟು ಮುರಿದುಕೊಂಡು ಹಣ ಮರಳಿ ಬಂತು. ಮರುವಾರವೇ ಮಸ್ಕಿಯ ಕೌಂಟರಿನಲ್ಲಿ ಶಂಕ್ರವ್ವ ಎರಡು ವರ್ಷದ್ದೊಂದು, ನಾಲ್ಕು ವರ್ಷದ್ದೊಂದು ಠೇವಣಿ ಮಾಡಿಸಿದಳು. ಅರ್ಜಿಯ ಪ್ರತಿ ಸಾಲನ್ನೂ ಗುಮಾಸ್ತನಿಂದ ಕನ್ನಡದಲ್ಲಿ ಓದಿಸಿಕೊಂಡಳು. ಹಿಂದೆ ಸರದಿಯಲ್ಲಿ ನಿಂತವರು ಗೊಣಗಿದರೂ ಜಗ್ಗಲಿಲ್ಲ. ಸಹಿ ಮಾಡಿ, ಪೆನ್ನನ್ನು ನನ್ನತ್ತ ಚಾಚಿ ಕೇಳಿದಳು: "ಲೆಕ್ಕದ ಮೇಡಂ, ನಿನ್ನ ಪಗಾರದ ರೊಕ್ಕ ಎಲ್ಲೈತಿ?"

ಹನ್ನೊಂದು ವರ್ಷದಿಂದ ಅದು ಉಳಿತಾಯ ಖಾತೆಯಲ್ಲೇ ಗೊರಕೆ ಹೊಡೆಯುತ್ತಿತ್ತು. ಮಕ್ಕಳಿಗೆ ಚಕ್ರಬಡ್ಡಿಯ ಸೂತ್ರವನ್ನು ಬಾಯಿಪಾಠ ಮಾಡಿಸುವವಳ ಹಣ! ಊರೆಲ್ಲರ ಮೇಲೆ ಉರಿಯುತ್ತಿದ್ದ ನನ್ನ ಸಿಟ್ಟು ಗಕ್ಕನೆ ನನ್ನತ್ತಲೇ ತಿರುಗಿತು. ಪೆನ್ನು ತೆಗೆದುಕೊಂಡು, ಗುಮಾಸ್ತನ ಬಳಿ ಇನ್ನೊಂದು ಅರ್ಜಿ ಕೇಳಿದೆ.