ಖಳನಾಯಕರ ಸಂಸಾರ

ಶಾಲಾ ಮೇಷ್ಟರಿಗೆ ಹೆಸರು ಎರಡಿರುತ್ತವೆ. ಒಂದು ಅಪ್ಪ ಅಮ್ಮ ಇಟ್ಟದ್ದು. ಅದು ಸಂಬಳದ ದಿನ ಮಾತ್ರ ಉಪಯೋಗಕ್ಕೆ ಬರುತ್ತದೆ. ಇನ್ನೊಂದು ಮಕ್ಕಳು ಇಟ್ಟದ್ದು. ಮಿಕ್ಕ ದಿನಗಳಲ್ಲೆಲ್ಲ ಅದರದೇ ದರ್ಬಾರು. ಮೊದಲನೆಯದನ್ನು ಕಿವಿಯಲ್ಲಿ ಉಸಿರಿ ಇಡುತ್ತಾರೆ, ಎರಡನೆಯದನ್ನು ಬೆನ್ನ ಹಿಂದೆ ಉಸಿರಿ ಇಡುತ್ತಾರೆ. ಆದ್ದರಿಂದ ತನ್ನ ಅಡ್ಡಹೆಸರನ್ನು ಎಲ್ಲರಿಗಿಂತ ಕೊನೆಗೆ ತಿಳಿಯುವವನು ಅದರ ಒಡೆಯನೇ. ನನ್ನದು ನನ್ನ ಗಮನಕ್ಕೆ ಬರುವಷ್ಟರಲ್ಲಿ ಬಿಳಿಕೆರೆಯಿಂದ ಹೊರಟು ಹುಣಸೂರು ಬಸ್ಸಿನ ಕಂಡಕ್ಟರನವರೆಗೂ ತಲುಪಿಬಿಟ್ಟಿತ್ತು.

ಹೊಸ ಶತಮಾನ ಆಗಷ್ಟೇ ಕಣ್ಣುಬಿಟ್ಟಿದ್ದ ಕಾಲ. ಬಿಳಿಕೆರೆಯ ಹೈಸ್ಕೂಲಿನಲ್ಲಿ ನಾನು ಗಣಿತದ ಮೇಷ್ಟ್ರು. ಪುಟ್ಟತಾಯಮ್ಮ ಎಂಬವರ ಮನೆಯ ಹಿತ್ತಿಲ ಕಡೆಯ ಭಾಗದಲ್ಲಿ ಮೂವರು ಬಿಡಾರ ಹೂಡಿದ್ದೆವು: ನಾನು, ಹಿಂದಿಯ ದಸ್ತಗೀರ್ ಸಾಹೇಬರು, ಡ್ರಿಲ್ ಮೇಷ್ಟ್ರು ನಂಜೇಗೌಡ. ಸಾಹೇಬರ ಹೆಂಡತಿ ಮಕ್ಕಳು ಕಲಬುರ್ಗಿಯ ಕಡೆ ಇದ್ದರು. ದೊಡ್ಡ ರಜೆ ಬಂದರೆ ಮಾತ್ರ ಅವರ ಮುಖದರ್ಶನ. ನಾನು ಮದುವೆಯಾಗದವನು, ಅಡುಗೆ ಬಾರದವನು. ಮಕ್ಕಳಿಗೆ ಬೀಜಗಣಿತ ಅರೆದು ಕುಡಿಸುತ್ತಿದ್ದ ನನಗೆ ಅನ್ನಕ್ಕೆಷ್ಟು ನೀರು ಎಂಬ ಸಮೀಕರಣ ಮಾತ್ರ ಕಡೆಗೂ ಬಿಡಿಸಲಾಗಲಿಲ್ಲ. ನಂಜೇಗೌಡ ರಾವಂದೂರಿನ ಕಡೆಯವನು, ಎಳವೆಯಲ್ಲೇ ತಂದೆ ತಾಯಿಯನ್ನು ಕಳೆದುಕೊಂಡು ಹಾಸ್ಟೆಲುಗಳಲ್ಲಿ ಬೆಳೆದವನು. ಹಬ್ಬದ ರಜೆಗೆ ನಾವು ಚೀಲ ತುಂಬಿಕೊಳ್ಳುವಾಗ ಅವನು ಶಾಲೆಯ ಮೈದಾನಕ್ಕೆ ಸುಣ್ಣದ ಗೆರೆ ಎಳೆಯಲು ಹೋಗಿಬಿಡುತ್ತಿದ್ದ.

ಪುಟ್ಟತಾಯಮ್ಮನ ಗಂಡ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ಹಸು ಕಟ್ಟಿಕೊಂಡು ಡೈರಿಗೆ ಹಾಲು ಹಾಕುತ್ತಿದ್ದ ಆಕೆಗೆ ಬೈಯಲು ಯಾರಾದರೂ ಬೇಕಾಗಿತ್ತು, ನಾವು ಸಿಕ್ಕೆವು. ತಂಬಿಗೆ ಉರುಳಿಸಿದರೆ ಬೈಗುಳ, ಹಗಲಲ್ಲಿ ದೀಪ ಉರಿದರೆ ಬೈಗುಳ, ನಾವು ಸಾಲಾಗಿ ಕೂತು ಬರಿಯ ಬನ್ನು ತಿಂದು ಮಲಗುತ್ತೇವೆಂದು ಗೊತ್ತಾದ ದಿನ ಮಹಾ ಬೈಗುಳ. ಅದರ ಮಾರನೆಯ ದಿನದಿಂದ ಸಂಜೆಯ ಮುದ್ದೆ ಸಾರು ಅವರ ಒಲೆಯಿಂದಲೇ ಬರತೊಡಗಿತು.

ಬಸ್ ನಿಲ್ದಾಣದ ಎದುರಿನ ಬೇಕರಿಯಲ್ಲಿ, ಬ್ರೆಡ್ಡಿನ ಗಾಜಿನ ಪೆಟ್ಟಿಗೆಯ ಪಕ್ಕ, ಒಂದು ವಿಡಿಯೋ ಗೇಮಿನ ಯಂತ್ರವಿತ್ತು. ಒಂದು ರೂಪಾಯಿ ನುಂಗಿದರೆ ಅದು ಒಬ್ಬ ಹೀರೋನನ್ನು ಕೊಡುತ್ತಿತ್ತು. ದಾರಿಯುದ್ದಕ್ಕೂ ಖಳರು: ಸರಪಳಿ ಬೀಸುವವನೊಬ್ಬ, ಬಾಯಿಂದ ಬೆಂಕಿ ಉಗುಳುವ ಡೊಳ್ಳುಹೊಟ್ಟೆಯವನೊಬ್ಬ, ಕಬ್ಬಿಣದ ಮುಖವಾಡ ತೆಗೆಯದವನೊಬ್ಬ, ಕಟ್ಟಕಡೆಗೆ ಕೊಂಬುಗಳಿದ್ದ ಭೀಮಕಾಯದ ‘ಲಾಸ್ಟ್ ಬಾಸು’. ಈ ಚತುಷ್ಟಯಕ್ಕೆ ನಮ್ಮ ಶಿಷ್ಯರು ನಮ್ಮನ್ನು ಒಂದಕ್ಕೊಂದು ಹೊಂದಿಸಿ ಬರೆದಿದ್ದರು. ಸೀಟಿಯ ಸರಪಳಿಯನ್ನು ಬೆರಳಿಗೆ ಸುತ್ತುತ್ತಿದ್ದ ನಂಜೇಗೌಡ ‘ಸರಪಳಿ’. ಕ್ರಿಯಾಪದ ತಪ್ಪಿದರೆ ಸಿಡಿಯುತ್ತಿದ್ದ ಸಾಹೇಬರು ‘ಬೆಂಕಿ’. ತರಗತಿಯಲ್ಲಿ ನಗುವುದು ಗಣಿತಶಾಸ್ತ್ರಕ್ಕೆ ಅಪಚಾರವೆಂದು ನಂಬಿದ್ದ ನಾನು ‘ಮುಖವಾಡ’. ಸೀಬೆಮರಕ್ಕೆ ಕಲ್ಲು ಬಿದ್ದರೆ ಬೀದಿಯ ಕೊನೆಯವರೆಗೂ ಅಟ್ಟಿಸಿಕೊಂಡು ಬರುತ್ತಿದ್ದ ಪುಟ್ಟತಾಯಮ್ಮನಿಗೆ ಯಾವ ಪಾತ್ರ ಉಳಿಯಿತೆಂದು ಬಿಡಿಸಿ ಹೇಳಬೇಕಾಗಿಲ್ಲ.

ಇಷ್ಟೆಲ್ಲ ನಮಗೆ ತಿಳಿದದ್ದು ಒಂದು ಚಿತ್ರದಿಂದ. ಶಾಲೆಯ ವಿಜ್ಞಾನ ಪ್ರದರ್ಶನ ಮುಗಿದು ಚಾರ್ಟುಗಳನ್ನು ಬಿಚ್ಚುವಾಗ ಒಂದರ ಬೆನ್ನಿನ ಮೇಲೆ ಬಣ್ಣ ಕಂಡು ಸಾಹೇಬರು ಅದನ್ನು ಸುರುಳಿ ಸುತ್ತಿ ಮನೆಗೆ ತಂದರು. ಮುಂದೆ ಎಲೆ ಆಹಾರ ತಯಾರಿಸುವ ಬಗೆ. ಹಿಂದೆ ಖಳನಾಯಕರು ಊಟ ಮಾಡುವ ಬಗೆ! ನಾಲ್ವರೂ ಒಂದೇ ಮನೆಯಲ್ಲಿದ್ದರು. ಬೆಂಕಿಯವನು ಒಲೆ ಊದುತ್ತಿದ್ದ. ಸರಪಳಿಯನ್ನು ಗೋಡೆಯಿಂದ ಗೋಡೆಗೆ ಕಟ್ಟಿ ಎಲ್ಲರ ಬಟ್ಟೆ ಒಣಹಾಕಿತ್ತು. ಕೊಂಬಿನ ಲಾಸ್ಟ್ ಬಾಸು ಸೆರಗು ಸಿಕ್ಕಿಸಿಕೊಂಡು ಮುದ್ದೆ ಬಡಿಸುತ್ತಿತ್ತು. ಕೆಳಗೆ ಒಂಬತ್ತನೆಯ ತರಗತಿಯ ರೇಖಾಳ ಸಹಿ. ಅವಳು ಆ ಬೇಕರಿಯವರ ಮಗಳು. ದಿನಾ ಸಂಜೆ ನಮ್ಮ ಮನೆಗೆ ಬ್ರೆಡ್ಡು ತಂದು ಕೊಡುತ್ತಿದ್ದವಳೂ ಅವಳೇ.

ನನಗೆ ಕೆಂಡದಂಥ ಕೋಪ ಬಂತು. ಮರುದಿನ ಅವಳನ್ನು ಸ್ಟಾಫ್ ರೂಮಿಗೆ ಕರೆಸಿ, ಮುಖವಾಡವನ್ನು ಇನ್ನಷ್ಟು ಬಿಗಿಮಾಡಿಕೊಂಡು, ಮೇಷ್ಟರುಗಳನ್ನು ರಾಕ್ಷಸರಂತೆ ಬರೆಯುವುದು ಸರಿಯೇ ಎಂದು ಕೇಳಿದೆ.

“ನಿಮ್ಮನ್ನಲ್ಲ ಸಾ, ಮಿಷನ್ನಲ್ಲಿರೋರ್ನ ಬರ್ದಿದ್ದು” ಎಂದಳು.

“ಮಿಷನ್ನಿನಲ್ಲಿರುವವರು ಮುದ್ದೆ ತಿನ್ನುತ್ತಾರೇನಮ್ಮ?”

ರೇಖಾ ತಲೆ ತಗ್ಗಿಸಿಯೇ ಹೇಳಿದಳು: “ಹೀರೋ ಇರಾದು ದುಡ್ಡಿರೋಗಂಟ ಸಾ, ಆಮೇಲೆ ಒಂಟೋಯ್ತಾನೆ. ಅಪ್ಪ ಅಂಗ್ಡಿ ಬಾಗ್ಲಾಕುದ್ಮೇಲೆ ಒಳ್ಗಡೆ ಉಳ್ಯೋರು ಇವ್ರೇಯ. ಅವ್ರೂ ಉಣ್ಬೇಕಲ್ವಾ ಸಾ, ಪಾಪ?”

ನಾನು ಅವಳನ್ನು ತರಗತಿಗೆ ಕಳಿಸಿಬಿಟ್ಟೆ. ಗಲ್ಲಾಪೆಟ್ಟಿಗೆಯ ಹಿಂದೆ ಕೂತು ಅಷ್ಟೂ ದಿನ ಆಟ ನೋಡಿದ ಆ ಹುಡುಗಿಗೆ, ಗೆಲ್ಲುವವರ ಮೇಲಲ್ಲ, ಪದೇ ಪದೇ ಸೋತು ಮತ್ತೆ ಅದೇ ಜಾಗಕ್ಕೆ ಬಂದು ನಿಲ್ಲುವವರ ಮೇಲೆ ಕನಿಕರ ಹುಟ್ಟಿತ್ತು. ಅಂಥವರ ಮನೆ ಹೇಗಿರಬಹುದೆಂದು ಯೋಚಿಸಿದಾಗ ಅವಳಿಗೆ ಗೊತ್ತಿದ್ದ ಹೋಲಿಕೆ ನಮ್ಮ ಬಿಡಾರವೊಂದೇ. ಮನೆಗೆ ಬಂದು ಚಿತ್ರವನ್ನು ಮತ್ತೆ ಹರಡಿ ನೋಡಿದೆ. ಕಬ್ಬಿಣದ ಮುಖವಾಡ ಬಾಗಿಲ ಹಿಂದಿನ ಮೊಳೆಗೆ ತೂಗುತ್ತಿತ್ತು. ಅದರ ಒಡೆಯ ಮುದ್ದೆ ಮುರಿಯುತ್ತ ಬಾಯಿತುಂಬ ನಗುತ್ತಿದ್ದ. ನನ್ನ ನಗು ಹಾಗಿದೆಯೆಂದು ನನಗೇ ಗೊತ್ತಿರಲಿಲ್ಲ.

ಪುಟ್ಟತಾಯಮ್ಮನಿಗೆ ಚಿತ್ರ ಬಹಳ ಹಿಡಿಸಿತು. ಕೊಂಬುಗಳ ವಿಷಯದಲ್ಲಿ ಅವರಿಗೆ ಕಿಂಚಿತ್ತೂ ಆಕ್ಷೇಪವಿರಲಿಲ್ಲ. ಸುಣ್ಣ ಉದುರಿದ್ದ ಗೋಡೆಯ ಮೇಲೆ ಅನ್ನದ ಗಂಜಿ ಮೆತ್ತಿ ಅವರೇ ಅಂಟಿಸಿದರು. ಅನ್ನದ ಗಂಜಿಯ ಹಿಡಿತ ಎಂಥದೆಂದು ನಮಗೆ ಅರಿವಾದದ್ದು ನಂಜೇಗೌಡನಿಗೆ ಹೆಣ್ಣು ಕೊಡುವವರು ಮನೆ ನೋಡಲು ಬರುತ್ತೇವೆಂದು ಹೇಳಿಕಳಿಸಿದಾಗ.

ಹೆಣ್ಣು ಕಟ್ಟೆಮಳಲವಾಡಿಯವಳು. ನಂಜೇಗೌಡ ಅವಳನ್ನು ನೋಡಿ ಬಂದ ದಿನದಿಂದ ಮೈದಾನದ ಗೆರೆಗಳು ಸೊಟ್ಟಗಾಗತೊಡಗಿದ್ದವು. ಆದರೆ ಅವನ ಕಣ್ಣಲ್ಲಿ ಭಯವಿತ್ತು. ಅದಕ್ಕೂ ಮೊದಲು ಬಂದ ಸಂಬಂಧಗಳೆಲ್ಲ ಒಂದೇ ಮಾತಿನ ಮೇಲೆ ಮುರಿದುಬಿದ್ದಿದ್ದವು: ಹುಡುಗನಿಗೆ ಹಿಂದೆ ಮುಂದೆ ಯಾರೂ ಇಲ್ಲ. ಗಂಡಿನ ಮನೆ ನೋಡುವ ಶಾಸ್ತ್ರವೆಂದರೆ ಗೋಡೆ ಹೆಂಚು ನೋಡುವುದಲ್ಲ, ಜನ ನೋಡುವುದು. ತೋರಿಸಲು ಅವನಲ್ಲಿ ಜನವಿರಲಿಲ್ಲ. ಈ ಸಲವೂ ತಪ್ಪಿದರೆ ಮದುವೆಯ ಮಾತೇ ಬೇಡ ಎಂದಿದ್ದ.

ನಾವು ಮನೆ ಗುಡಿಸಿದೆವು, ಚಾಪೆ ಕೊಡವಿದೆವು. ರಾಕ್ಷಸರ ಚಿತ್ರವನ್ನು ಕೀಳಲು ಹೋದರೆ ಗೋಡೆಯೇ ಕಿತ್ತು ಬರುವಂತಿತ್ತು. ಕೊನೆಗೆ ಅದರ ಮೇಲೆ ನಂಜೇಗೌಡನ ಟ್ರ್ಯಾಕ್ ಸೂಟು ನೇತುಹಾಕಿದೆವು. ಹುಡುಗಿಯ ತಂದೆ ಬಂದು ಚಾಪೆಯ ಮೇಲೆ ಕೂತರು. ಹುಡುಗಿಯ ಸೋದರತ್ತೆ ಜವರಮ್ಮ ಕೂರಲಿಲ್ಲ. ಮನೆ ನೋಡಲು ಬಂದವರು ನೋಡಬೇಕಾದ್ದೇ ಅದೆಂಬಂತೆ ಮಡಕೆಯ ಮುಚ್ಚಳ ಎತ್ತಿ ನೋಡಿದರು, ಹಾಸಿಗೆಯ ಸುರುಳಿ ಒತ್ತಿ ನೋಡಿದರು, ಆಮೇಲೆ ಟ್ರ್ಯಾಕ್ ಸೂಟು ಎತ್ತಿದರು.

“ಇದೇನ್ರೀ ಮೇಷ್ಟ್ರೇ, ರಾಕ್ಸಸ್ರ ಪಟ ಇಕ್ಕಂಡಿದ್ದೀರಿ?”

ಸಾಹೇಬರು ನನ್ನ ಕಡೆ ನೋಡಿದರು, ನಂಜೇಗೌಡ ನೆಲ ನೋಡಿದ. ನಾನು ಗಂಟಲು ಸರಿಮಾಡಿಕೊಂಡು, ಆಧುನಿಕ ಚಿತ್ರಕಲೆಯಲ್ಲಿ ವಿರೂಪವೇ ಒಂದು ರೂಪಕ ಎಂದು ಆರಂಭಿಸಿದೆ. ಎರಡನೆಯ ವಾಕ್ಯಕ್ಕೆ ಬರುವಷ್ಟರಲ್ಲಿ ನನಗೇ ಅರ್ಥ ತಪ್ಪಿಹೋಯಿತು. ಅಷ್ಟರಲ್ಲಿ ಕಾಫಿಯ ತಟ್ಟೆ ಹಿಡಿದು ಪುಟ್ಟತಾಯಮ್ಮ ಬಂದರು.

“ಅದು ನಮ್ಮನೆ ಪಟ ಕಣವ್ವ” ಎಂದರು. “ಈ ಕೊಂಬಿನೋಳು ನಾನು. ಬಾಯಲ್ಲಿ ಬೆಂಕಿ ಬತ್ತದಲ್ಲ, ಅವ್ರು ಸಾಬ್ರು. ನಗ್ತಾ ಉಣ್ತಾವ್ರಲ್ಲ, ಅವ್ರು ಈ ಲೆಕ್ಕದ ಮೇಷ್ಟ್ರು. ಇವ್ನು ನಮ್ ನಂಜ. ನೋಡು, ಎಲ್ರ ಬಟ್ಟೆನೂ ಇವ್ನ್ ಸರಪ್ಳಿ ಮ್ಯಾಲೇ ಒಣಗ್ತಾವೆ. ದಿಟ್ವಾಗ್ಲೂ ಅಂಗೇಯ, ಕೆಲ್ಸ ಎಲ್ಲಾನೂ ಮೈಮ್ಯಾಲೆ ಆಕ್ಕತಾನೆ.”

ಹುಡುಗಿಯ ತಂದೆ ಮೆಲ್ಲಗೆ, “ಹುಡ್ಗುಂಗೆ ಯಾರೂ ಇಲ್ಲ ಅಂತ ಕೇಳಿದ್ವಿ” ಎಂದರು.

“ಯಾರಂದೋರು? ಒತ್ತಾದ್ಮೇಲೆ ಬಂದ್ರೆ ಬಾಗ್ಲಲ್ಲಿ ನಿಂತು ಬೈಯಾಕೆ ನಾನಿಲ್ವಾ? ನಾಳೀಕೆ ನಿಮ್ಮಗ್ಳುನ್ನೂವೆ ಬೈತೀನಿ, ಈಗ್ಲೇ ಯೋಳ್ಬುಟ್ಟಿವ್ನಿ!”

ಆಯಿತು, ಎಲ್ಲ ಮುಗಿಯಿತು ಎಂದುಕೊಂಡೆವು. ಬಂದವರು ಕಾಫಿ ಕುಡಿದು, ತಿಳಿಸುತ್ತೇವೆ ಎಂದು ಎದ್ದರು. ಹಿಂದಿನವರೆಲ್ಲ ಹೇಳಿಹೋಗಿದ್ದೂ ಅದನ್ನೇ.

ಅನಂತರದ ದಿನಗಳನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ. ನಂಜೇಗೌಡ ಯಾರನ್ನೂ ದೂರಲಿಲ್ಲ, ಎಂದಿನಂತೆ ಬಾವಿಯಿಂದ ನೀರು ಸೇದಿದ, ಉಣ್ಣುವಾಗ ಮಾತ್ರ ಬೇಗ ಎದ್ದುಬಿಡುತ್ತಿದ್ದ. ಅದಕ್ಕಿಂತ ದುಸ್ಸಹವಾದದ್ದು ಪುಟ್ಟತಾಯಮ್ಮನ ಮೌನ. ತಮ್ಮ ಬಾಯಿಂದಲೇ ಕೆಟ್ಟಿತೆಂದು ಅವರು ಬೈಯುವುದನ್ನೇ ನಿಲ್ಲಿಸಿಬಿಟ್ಟಿದ್ದರು. ಸಾಹೇಬರು ಬೇಕೆಂದೇ ಒಂದು ತಂಬಿಗೆ ಉರುಳಿಸಿ ನೋಡಿದರು. ಒಳಗಿನಿಂದ ಸದ್ದೇ ಬರಲಿಲ್ಲ. ಬೈಗುಳವಿಲ್ಲದ ಆ ಮನೆ ನಮಗೆ ಬಾಡಿಗೆಯ ಮನೆಯಂತೆ ಕಂಡದ್ದು ಅದೇ ಮೊದಲು.

ಕೊನೆಗೊಂದು ಸಂಜೆ ಹುಡುಗಿಯ ತಂದೆ ತಾವೇ ಬಂದರು. ನಮ್ಮನ್ನು ದಾಟಿಕೊಂಡು ನೇರವಾಗಿ ಹಸುವಿನ ಕೊಟ್ಟಿಗೆಯ ಬಳಿ ಹೋಗಿ ಪುಟ್ಟತಾಯಮ್ಮನ ಎದುರು ನಿಂತು, “ಯಾವತ್ತು ದಿನ ಇಟ್ಕಳಾಣ ಯೋಳಿ. ಬೈಯೋರು ಒಬ್ರು ಅವ್ರಲ್ಲ, ಇನ್ನೇನ್ ನೋಡದು ಅಂದ್ಳು ನಮ್ಮಕ್ಕ” ಎಂದರು.

ಮದುವೆ ಕಟ್ಟೆಮಳಲವಾಡಿಯಲ್ಲಿ, ಹೆಣ್ಣಿನ ಮನೆಯ ಚಪ್ಪರದಲ್ಲಿ ನಡೆಯಿತು. ನಮ್ಮ ಕಡೆಯ ದಿಬ್ಬಣವೆಂದರೆ ಶಾಲೆಯ ಮೇಷ್ಟರುಗಳು, ರೇಖಾ, ಅವಳ ತಂದೆ, ಬೇಕರಿಯ ಯಂತ್ರದ ಮುಂದೆ ತಪಸ್ಸು ಮಾಡುತ್ತಿದ್ದ ಹತ್ತಾರು ಶಿಷ್ಯರು. ನಂಜೇಗೌಡನಿಗೆ ಬಾಸಿಂಗ ಕಟ್ಟುವಾಗ ಸಾಹೇಬರು ಕಣ್ಣೊರೆಸಿಕೊಂಡು, ಹೊಗೆ ಎಂದರು. ಧಾರೆಯ ಹೊತ್ತಾಯಿತು. ಹೆಣ್ಣಿನ ಕಡೆಯವರೆಲ್ಲ ಸರದಿಯಲ್ಲಿ ಬಂದು ವಧೂವರರ ಕೈಮೇಲೆ ಹಾಲೆರೆದರು. ಗಂಡಿನ ಕಡೆಯ ಸರದಿ ಬಂದಾಗ ಜವರಮ್ಮ ಸುತ್ತ ನೋಡಿ, “ಗಂಡಿನ ತಾಯಿ ಎಲ್ಲಿ?” ಎಂದರು.

ಪುಟ್ಟತಾಯಮ್ಮ ಬೆಳಗಿನಿಂದಲೂ ಅಡುಗೆಯ ಚಪ್ಪರದ ಕಡೆಯೇ ಇದ್ದರು. ಗಂಡನಿಲ್ಲದವರು ಹಸೆಯ ಹತ್ತಿರ ಬರಬಾರದೆಂದು ಯಾರೂ ಹೇಳಿರಲಿಲ್ಲ. ಯಾರೂ ಹೇಳದೆ ಅವರಿಗದು ಗೊತ್ತಿತ್ತು. ಹಿರಿಯರೊಬ್ಬರು ತಡೆದು, “ಆವಮ್ಮ ಮುತ್ತೈದೆ ಅಲ್ವಲ್ಲ” ಎಂದು ಪಿಸುಗುಟ್ಟಿದರು.

“ತಾಯಿ ಅಲ್ವಾ?” ಎಂದರು ಜವರಮ್ಮ. “ಕರೀರಿ.”

ಹೋಗಿ ಕರೆದದ್ದು ನಾನೇ. ಪುಟ್ಟತಾಯಮ್ಮ ಬರುವುದಿಲ್ಲವೆಂದರು, ಆಮೇಲೆ ಕೈ ತೊಳೆದರು, ತೊಳೆದ ಕೈಯನ್ನೇ ಮತ್ತೆ ತೊಳೆದರು. ಹಸೆಯ ಮುಂದೆ ಬಂದು ನಿಂತರು. ಹಾಲಿನ ಗಿಂಡಿ ಕೈಗೆ ತೆಗೆದುಕೊಂಡು ಮಗನ ಮುಖವನ್ನೂ ಸೊಸೆಯ ಮುಖವನ್ನೂ ನೋಡಿದರು.

“ಕೈ ಅಲ್ಲಾಡಿಸ್ಬ್ಯಾಡ ಕಣ್ಲಾ ನಂಜ, ಹಾಲು ಚೆಲ್ತದೆ” ಎಂದು ಗದರಿದರು.

ನಂಜೇಗೌಡನ ಕೈ ನಿಶ್ಚಲವಾಗಿತ್ತು. ಅಲ್ಲಾಡುತ್ತಿದ್ದದ್ದು ಅವರ ಕೈ.