ಉಪ್ಪುಹಿಟ್ಟಿನ ನೆವಾಡ

ಶಾಲೆಯಲ್ಲಿ ಚೀಟಿ ಎತ್ತಿದಾಗ ನನ್ನ ಮಗಳ ಗೆಳತಿಗೆ ಹವಾಯಿ ಬಂತು, ಮಗಳಿಗೆ ಮರುಭೂಮಿಯ ನೆವಾಡ. ಒಂದೊಂದು ಮಗು ಅಮೆರಿಕದ ಒಂದೊಂದು ರಾಜ್ಯದ ಭೂಗೋಳ, ಕಸುಬು ತಿಳಿದುಕೊಂಡು, ನಕ್ಷೆ ಮಾಡಿ, ತರಗತಿಯ ಮುಂದೆ ನಿಂತು ಮಾತಾಡಬೇಕು. ನಾಲ್ಕು ಜನರೆದುರು ನಿಲ್ಲುವುದೆಂದರೆ ನಮ್ಮ ಹುಡುಗಿಗೆ ಭಯ. ನಾವಿರುವ ಊರು ಕೆನ್ಮೋರಿನ ಮನೆಗೆ ಬಂದವಳೇ ಬ್ಯಾಗ್ ಎಸೆದು, "ಅಮ್ಮಾ, ಇಟ್ಸ್ ಜಸ್ಟ್ ಸ್ಯಾಂಡ್! ಐ ಆಮ್ ನಾಟ್ ಗೋಯಿಂಗ್ ಟು ಸ್ಕೂಲ್ ದಟ್ ಡೇ," ಎಂದಳು.

ನನಗೋ ಕುಣಿಯುವಷ್ಟು ಖುಷಿ. ಬರೀ ಮರಳಂತೆ! ಅಮೆರಿಕದ ಬಂಗಾರದಲ್ಲಿ ಬಹುಪಾಲು ಬರುವುದೇ ಅಲ್ಲಿಂದ. ನಾನು ಹುಟ್ಟಿದ್ದು ರಾಯಚೂರು ಜಿಲ್ಲೆಯ ಹಟ್ಟಿಯಲ್ಲಿ, ಚಿನ್ನದ ಗಣಿಯ ಊರಲ್ಲಿ. ಅಪ್ಪ ಗಣಿಯೊಳಗೆ ಇಳಿದು ದುಡಿದವರು. ಗಣಿ ಎಂದರೆ ನನ್ನ ಕಿವಿ ನೆಟ್ಟಗಾಗದೆ ಇರುತ್ತದೆಯೇ? ನಕ್ಷೆಗೆಂದು ಮೈದಾಕ್ಕೆ ಉಪ್ಪು ಬೆರೆಸಿ ರೊಟ್ಟಿ ಹಿಟ್ಟಿನ ಹಾಗೆ ನಾದಿಕೊಟ್ಟೆ. ಅವಳು ಗೊಣಗುತ್ತಲೇ ರಟ್ಟಿನ ಮೇಲೆ ಬೆಟ್ಟಸಾಲುಗಳನ್ನು ಒತ್ತಿದಳು. ಒಂದು ಸಾಲು ಬೆಟ್ಟ, ಒಂದು ಸಾಲು ತಗ್ಗು, ಮತ್ತೆ ಬೆಟ್ಟ. ಅಲ್ಲಿನ ಬಹಳಷ್ಟು ನದಿಗಳು ಸಮುದ್ರ ಸೇರದೆ ಆ ತಗ್ಗುಗಳಲ್ಲೇ ಇಂಗಿಹೋಗುತ್ತವೆ ಎಂದು ಓದಿ, "ವೇಟ್, ವಾಟ್?" ಎಂದು ಕಣ್ಣರಳಿಸಿದಳು. ಮೀನು ಗಾಳಕ್ಕೆ ಬಿತ್ತು ಎಂದುಕೊಂಡೆ. ಹೊರಗೆ ಮೂರು ದಿನದಿಂದ ಜಿಟಿಜಿಟಿ ಮಳೆ. ನಮ್ಮ ಮರುಭೂಮಿ ಒಣಗಲೇ ಒಲ್ಲದು. ಹೇರ್ ಡ್ರೈಯರ್ ಹಿಡಿದು ಕೂತೆ.

ಆದರೆ ಮಾತಾಡಬೇಕಾದ ಹಿಂದಿನ ಸಂಜೆ ಮತ್ತೆ ಅದೇ ರಾಗ. ಹೊಟ್ಟೆನೋವಂತೆ. "ಹೋಗಬೇಕಂದ್ರ ಹೋಗಬೇಕು!" ಎಂದು ರೇಗಿದೆ. ಅಷ್ಟರಲ್ಲಿ ಹಟ್ಟಿಯಿಂದ ಅಪ್ಪನ ವಿಡಿಯೊ ಕಾಲ್ ಬಂತು. ಅಲ್ಲಿ ಬೆಳಗಿನ ಚಹಾದ ಹೊತ್ತು. ನಕ್ಷೆ ತೋರಿಸಿ, ಅಲ್ಲಿನ ಬಂಗಾರದ ವಿಷಯ ಹೇಳಿದೆ.

"ಅಲ್ಲಿ ಬಂಗಾರ ಹ್ಯಾಂಗ ತೆಗೀತಾರವಾ? ಕೆಳಗ ಇಳೀತಾರೇನು?" ಅಪ್ಪ ಕೇಳಿದರು.

ಮೊಮ್ಮಗಳು ಹೊಟ್ಟೆನೋವು ಮರೆತಳು. ಹೆಚ್ಚಿನ ಕಡೆ ಮೇಲಿಂದಲೇ ಅಗೆದು ದೊಡ್ಡ ಗುಂಡಿ ಮಾಡುತ್ತಾರೆ, ಲಾರಿಗಳೇ ಒಳಗಿಳಿಯುತ್ತವೆ ಎಂದು ಇಂಗ್ಲಿಷಿನಲ್ಲಿ ಹೇಳಿದಳು. ನಾನು ಅದನ್ನೇ ಕನ್ನಡದಲ್ಲಿ ಹೇಳಿದೆ.

"ಹಂಗಾದ್ರ ಬೆಳಕಿನ್ಯಾಗ ಕೆಲಸ! ಪುಣ್ಯವಂತರು," ಎಂದು ಅಪ್ಪ ನಕ್ಕರು.

ಅವಳು ಫೋನಿನ ಹತ್ತಿರ ಸರಿದಳು. ಆಮೇಲೆ, ಎಂದೂ ಕನ್ನಡದಲ್ಲಿ ಬಾಯಿ ಬಿಡದವಳು, ಪದ ಹುಡುಕಿ ಹುಡುಕಿ ಕೇಳಿದಳು: "ಅಜ್ಜಾ, ಕೆಳಗ... ನಿಂಗ ಹೆದರಿಕಿ ಆಗ್ತಿತ್ತಾ?"

"ದಿನಾ ಆಗ್ತಿತ್ತವಾ. ಕೆಳಗ ಒಯ್ಯೋ ಕೇಜಿನ್ಯಾಗ ನಿಂತ್ರ ಕಾಲು ನಡಗ್ತಿದ್ವು. ಕೆಲಸಕ್ಕ ಹತ್ತಿದ ಮ್ಯಾಲ ನೆನಪಾ ಇರ್ತಿದ್ದಿಲ್ಲ."

ಅದೇ ಮನೆಯಲ್ಲಿ ಅಷ್ಟು ವರ್ಷ ಬೆಳೆದ ನಾನು ಅಪ್ಪನನ್ನು ಈ ಪ್ರಶ್ನೆ ಕೇಳಿಯೇ ಇರಲಿಲ್ಲ.

ಬೆಳಿಗ್ಗೆ ನಕ್ಷೆಯನ್ನು ಎರಡೂ ಕೈಯಲ್ಲಿ ಹಿಡಿದು ಶಾಲೆಯ ಮುಂದೆ ಕಾರಿನಿಂದ ಇಳಿದಳು. ಹಿಟ್ಟು ಇನ್ನೂ ಹಸಿಯೇ ಇತ್ತು.

"ಕಾಲು ನಡಗ್ತಾವ, ಅಮ್ಮಾ," ಎಂದಳು. ಎಂದು, ಒಳಗೆ ನಡೆದಳು.