ಶಾಲು ಹೊದಿಸಿ ಕಸಿದ ಗಂಟೆಗಳು

ವಿಶಾಖಪಟ್ಟಣದ ನಮ್ಮ ವಾರ್ಡಿನಲ್ಲಿ ನಗರಪಾಲಿಕೆ ಪ್ರಾಯೋಗಿಕವಾಗಿ ಸಮಯ ಬ್ಯಾಂಕ್ ತೆರೆಯಿತು. ಇನ್ನೊಬ್ಬರಿಗಾಗಿ ಒಂದು ಗಂಟೆ ದುಡಿದರೆ, ನಿಮಗೆ ಬೇಕಾದಾಗ ಬೇರೊಬ್ಬರು ಬಂದು ಒಂದು ಗಂಟೆ ದುಡಿಯಬೇಕು. ನಿಯಮ ಅಷ್ಟೇ.

ಮೊದಲು ಸೇರಿದವರಲ್ಲಿ ನಮ್ಮ ಮೇಲಿನ ಮನೆಯ ಧಾರವಾಡದ ಹೆಂಗಸು ಒಬ್ಬರು. ಬ್ಯಾಂಕ್ ಅಧಿಕಾರಿಯಾದ ಗಂಡ ವಿಜಯವಾಡದ ಒನ್ ಟೌನ್ ಶಾಖೆಗೆ ವರ್ಗವಾಗಿದ್ದರು. ಹಾಸಿಗೆ ಹಿಡಿದ ಅತ್ತೆಯೊಂದಿಗೆ ಈಕೆ ಇಲ್ಲೇ ಉಳಿದಿದ್ದರು. ಈಕೆಗೇ ಮೊಣಕಾಲಿನ ಶಸ್ತ್ರಚಿಕಿತ್ಸೆ ಆಗಬೇಕಿತ್ತು. ಆ ವಾರಗಳಲ್ಲಿ ಅತ್ತೆಯನ್ನು ನೋಡಿಕೊಳ್ಳಲು ಜನ ಬೇಕೆಂದೇ ಗಂಟೆ ಕೂಡಿಡುತ್ತಿದ್ದರು. ಮಧ್ಯಾಹ್ನ ಅತ್ತೆ ನಿದ್ದೆ ಹೋದ ಮೇಲೆ, ಕುಂಟುತ್ತಲೇ ಯಾರದೋ ಅಜ್ಜನನ್ನು ಕಣ್ಣಿನ ಆಸ್ಪತ್ರೆಗೆ ಕರೆದೊಯ್ಯುತ್ತಿದ್ದರು.

ಯೋಜನೆಗೆ ವರ್ಷ ತುಂಬಿದಾಗ ದ್ವಾರಕಾ ನಗರದ ಹೋಟೆಲೊಂದರಲ್ಲಿ ಸನ್ಮಾನ ನಡೆಯಿತು. ಪತ್ರಿಕೆಯ ಪರವಾಗಿ ನಾನು ಹೋಗಿದ್ದೆ. ಕಾರ್ಪೊರೇಟರ್ ಆಕೆಗೆ ಶಾಲು ಹೊದಿಸಿ ಮೈಕಿಗೆ ಬಾಗಿದರು: "ಈ ತಾಯಿ ತಮ್ಮ ಗಂಟೆಗಳನ್ನೆಲ್ಲ ನಗರಕ್ಕೆ ಸಮರ್ಪಿಸಿದ್ದಾರೆ." ಚಪ್ಪಾಳೆ. ಹೆಗಲ ಮೇಲೆ ಶಾಲು ಇರುವಾಗ ಇಲ್ಲ ಅನ್ನುವ ರೂಢಿ ನಮ್ಮಲ್ಲಿಲ್ಲ. ಆಕೆ ಕೈ ಮುಗಿದರು. ಮರುದಿನ ಅವರ ಗಂಟೆಗಳ ಖಾತೆ ಸೊನ್ನೆಯಾಗಿತ್ತು.

"ಕೈ ಮುಗಿದದ್ದು ನಮಸ್ಕಾರಕ್ಕರೀ. ಎಲ್ಲಾ ಒಯ್ಯಿರಿ ಅಂತಲ್ಲ," ಎಂದರು ಮೆಟ್ಟಿಲಿಳಿದು ಬಂದು. ಇಬ್ಬರೂ ನಗರಪಾಲಿಕೆಯ ವಲಯ ಕಚೇರಿಗೆ ಹೋದೆವು.

"ಮೇಡಂ ಗಾರು, ದಾನ ಕೊಟ್ಟದ್ದನ್ನು ವಾಪಸ್ ಕೇಳ್ತಾರಾ? ಪೇಪರಲ್ಲೂ ಬಂದಿದೆ," ಎಂದ ಅಲ್ಲಿನ ಅಧಿಕಾರಿ.

ಪೇಪರಿನಲ್ಲಿದ್ದದ್ದು ನನ್ನ ವರದಿ. ಕಾರ್ಪೊರೇಟರ್ ಘೋಷಿಸಿದರು ಎಂದು ಬರೆದಿದ್ದೆನೇ ಹೊರತು ಆಕೆ ಕೊಟ್ಟರು ಎಂದಲ್ಲ. ಅದನ್ನೇ ಹೇಳಿದೆ. ಆತ ಫ್ಯಾನ್ ನೋಡಿದ.

"ಬಿಡ್ರಿ, ಇವಗ ಚಪ್ಪಾಳಿ ಅಷ್ಟ ಕೇಳಸ್ತದ," ಎಂದು ಆಕೆ ಎದ್ದರು.

ಕೆಲ ದಿನಗಳಲ್ಲೇ ವಿಜಯವಾಡದಲ್ಲಿ ಇದೇ ಯೋಜನೆ ಶುರುಮಾಡುವ ಸಭೆ ಕರೆದರು. ವರದಿಗೆ ನಾನೂ ಹೋದೆ. ಮಾದರಿ ವಾರ್ಡಿನ ಪ್ರತಿನಿಧಿಯಾಗಿ ನಮ್ಮ ಕಾರ್ಪೊರೇಟರೇ ವೇದಿಕೆಯಲ್ಲಿದ್ದರು. ದುಡಿದವರಲ್ಲಿ ಒಂದು ಗಂಟೆಯನ್ನಾದರೂ ಮರಳಿ ಪಡೆದವರು ಯಾರು ಎಂದು ಅವರನ್ನು ಕೇಳಿದೆ.

"ಸೇವೆ ಮಾಡೋರು ಲೆಕ್ಕ ಕೇಳೋದಿಲ್ಲ, ಸರ್. ಲೆಕ್ಕ ಕೇಳೋರು ನಿಮ್ಮಂಥವರು." ಸಭೆ ನಕ್ಕಿತು.

ನನಗೆ ನಗು ಬರಲಿಲ್ಲ. ಆ ಗಂಟೆಗಳನ್ನು ನಗರ ಏನು ಮಾಡಿತು? ನಗರಕ್ಕೆ ಹಾಸಿಗೆ ಹಿಡಿದ ಅತ್ತೆ ಇಲ್ಲ, ಸವೆದ ಮೊಣಕಾಲಿಲ್ಲ. ಕೊಡುವುದಾಗಿ ಮಾತುಕೊಟ್ಟು, ಕೊಡಬೇಕಾದ ದಿನ ಹತ್ತಿರವಾದಾಗ ಅದನ್ನು ತ್ಯಾಗ ಎಂದು ಕರೆದರು. ಕಳವಿಗೆ ಇಷ್ಟು ಗೌರವದ ಹೆಸರು ನಾನು ಬೇರೆಲ್ಲೂ ಕೇಳಿಲ್ಲ.

ಆಕೆಯ ಗಂಡನಿಗೆ ಅಷ್ಟು ವಾರ ರಜೆ ಸಿಗಲಿಲ್ಲ. ನಾವು ಕೆಳಗಿನ ಮನೆಯವರು ಒಂದೆರಡು ದಿನ ನಿಲ್ಲಬಹುದಿತ್ತು, ಅದು ಸಾಲುತ್ತಿರಲಿಲ್ಲ. ನಾನು ಊರಿಗೆ ಮರಳಿ ಮೇಲಿನ ಮನೆಗೆ ಹೋದಾಗ ಆಕೆ ಫೋನಿನಲ್ಲಿದ್ದರು. ವಲಯ ಕಚೇರಿಯದೇ ಕರೆ. ಯಾರೋ ಅಜ್ಜಿಯನ್ನು ಆಸ್ಪತ್ರೆಗೆ ಕರೆದೊಯ್ಯಬೇಕಂತೆ.

"ಮೊದಲು ನಮ್ಮ ಮನೆಗೆ ಒಬ್ಬರನ್ನು ಕಳಿಸಿ," ಎಂದರು ತೆಲುಗಿನಲ್ಲಿ. ಆ ಕಡೆಯ ಮಾತು ನನಗೂ ಕೇಳಿಸಿತು: "ನಿಮ್ಮ ಖಾತೆಯಲ್ಲಿ ಏನೂ ಇಲ್ಲವಲ್ಲಮ್ಮಾ."

ಫೋನ್ ಇಟ್ಟರು. ಮತ್ತೆ ಎತ್ತಿ, ಆಸ್ಪತ್ರೆಗೆ ಕರೆ ಮಾಡಿ ತಮ್ಮ ಶಸ್ತ್ರಚಿಕಿತ್ಸೆಯನ್ನು ರದ್ದು ಮಾಡಿಸಿದರು. ಒಳಗಿನಿಂದ ಅತ್ತೆ ಕೂಗಿದರು, ಮಗ್ಗುಲು ಬದಲಿಸಬೇಕಿತ್ತು.